ನಿಂತಿದ್ದ ಒಮೇಗಾ ಸೀಮಾಸ್ಟರ್ ಸರ್ವಿಸ್: ಬ್ಯಾಲೆನ್ಸ್ ಮತ್ತೆ ಓಡಿತು

ಈ ಹಳೆಯ ಸೀಮಾಸ್ಟರ್ ಕೈಗಡಿಯಾರದ ಕೆಲಸ ಅರ್ಧಕ್ಕಿಂತ ಜಾಸ್ತಿ ಮುಗಿದಿದೆ. ಒಳಗಿನ ಯಂತ್ರ, ಅಂದರೆ ಮೂವ್‌ಮೆಂಟ್, ಕ್ಯಾಲಿಬರ್ 565. ಆಟೋಮ್ಯಾಟಿಕ್ (ಕೈ ಅಲುಗಿದಂತೆ ತಾನೇ ಕೀಲಿ ಕೊಟ್ಟುಕೊಳ್ಳುವಂಥದ್ದು), 24 ಜ್ಯುವೆಲ್ (ಸವೆತ ತಡೆಯುವ ಕಲ್ಲು), ಗಂಟೆಗೆ 19,800 ಬೀಟ್. ವರ್ಷಗಟ್ಟಲೆ ಡ್ರಾಯರ್‌ನಲ್ಲಿದ್ದರೂ ಮೂವ್‌ಮೆಂಟ್‌ನ ತಾಮ್ರದ ಬಣ್ಣ ಮಾಸಿಲ್ಲ. ಹಿಂದಿನ ಮುಚ್ಚಳದ ಗ್ಯಾಸ್ಕೆಟ್ ಮಾತ್ರ ಕರಗಿ ಡಾಂಬರಿನಂತಾಗಿತ್ತು.

ಅಲುಗಾಡಿಸಿದರೆ ಓಡುತ್ತಿತ್ತು. 'ಓಡ್ತಿದೆಯಲ್ಲ, ಸರ್ವಿಸ್ ಯಾಕೆ?' ಅನ್ನುವವರೇ ಜಾಸ್ತಿ. ಆದರೆ ಕೈಗೆ ಕಟ್ಟದಿದ್ದರೂ ಎಣ್ಣೆ ಒಣಗುತ್ತದೆ. ಒಣಗಿದ ಮೇಲೆ ಸುಮ್ನೆ ಓಡಿಸುತ್ತಿದ್ದರೆ ಪಿವಟ್ (ಚಕ್ರದ ಅಕ್ಷದ ತುದಿ) ಸವೆಯುತ್ತದೆ. ಗಡಿಯಾರದ ಓಟ ಅಳೆಯುವ ಟೈಮ್‌ಗ್ರಾಫರ್‌ನಲ್ಲಿ ಈ ಮೂವ್‌ಮೆಂಟ್‌ನ ಲಿಫ್ಟ್ ಆ್ಯಂಗಲ್‌ಗೆ ತಕ್ಕಂತೆ 49 ಡಿಗ್ರಿಗೆ ಇಟ್ಟು ನೋಡಿದರೆ ಆಂಪ್ಲಿಟ್ಯೂಡ್, ಅಂದರೆ ಬ್ಯಾಲೆನ್ಸ್ ಚಕ್ರ ಅತ್ತಿತ್ತ ತೂಗುವ ಕೋನ, 180 ಡಿಗ್ರಿ ಕೂಡ ಮುಟ್ಟಲಿಲ್ಲ. ಅಲ್ಲಿಗೇ ನಿಲ್ಲಿಸಿ ಬಿಚ್ಚಿದೆ.

ಮೊದಲು ಕ್ಲಿಕ್ (ಸ್ಪ್ರಿಂಗ್ ಬಿಚ್ಚಿಕೊಳ್ಳದಂತೆ ತಡೆಯುವ ಕೊಕ್ಕೆ) ಸರಿಸಿ, ಗಡಿಯಾರ ಓಡಿಸುವ ಮೇನ್‌ಸ್ಪ್ರಿಂಗ್‌ನ ಬಿಗಿ ಪೂರ್ತಿ ಇಳಿಸಿದೆ. ಬಿಗಿ ಇರುವಾಗಲೇ, ಚಕ್ರಗಳನ್ನು ತಡೆದು ತಡೆದು ಬಿಡುವ ಪ್ಯಾಲೆಟ್ ಫೋರ್ಕ್ ತೆಗೆದರೆ ಚಕ್ರಗಳು ರಭಸಕ್ಕೆ ತಿರುಗಿ ಹಲ್ಲು, ಪಿವಟ್ ಹಾಳಾಗಬಹುದು.

ಕಣ್ಣಿಗೆ ಲೂಪ್ (ಭೂತಗನ್ನಡಿ) ಹಾಕಿ ನೋಡಿದಾಗ ಎಸ್ಕೇಪ್ ವೀಲ್‌ನ (ಪ್ಯಾಲೆಟ್ ಫೋರ್ಕ್ ತಡೆದು ಬಿಡುವ ಚಕ್ರದ) ಜ್ಯುವೆಲ್‌ನಲ್ಲಿ, ಕೆಂಪು ಕಲ್ಲಿನ ತೂತಿನ ಸುತ್ತ, ಒಂದು ಕಂದು ಉಂಗುರ ಕಾಣಿಸಿತು. ಹಳೆಯ ಎಣ್ಣೆ ಅಂಟಾಗಿ ಗಟ್ಟಿಯಾಗಿತ್ತು. ಮರದ ಕಡ್ಡಿ ಚೂಪಾಗಿ ಕೆತ್ತಿ ತೂತಿನೊಳಗೆ ತಿರುಗಿಸಿದೆ. ತುದಿ ಕಪ್ಪಾಗಿ ಬಂತು. ಮತ್ತೆ ಕೆತ್ತಿದೆ, ಮತ್ತೆ ತಿರುಗಿಸಿದೆ. ತುದಿ ಬೆಳ್ಳಗೇ ಹೊರಬರುವವರೆಗೆ ಬಿಡಲಿಲ್ಲ. ಕ್ಲೀನಿಂಗ್ ಮಷೀನ್ ಎಷ್ಟೇ ಚೆನ್ನಾಗಿರಲಿ, ಇದನ್ನು ಕೈಯಲ್ಲೇ ಮಾಡಬೇಕು. ಸರ್ವಿಸ್‌ನ ಜೀವ ಇರುವುದೇ ಇಲ್ಲಿ. ಕೊಳೆಯ ಮೇಲೆ ಹೊಸ ಎಣ್ಣೆ ಬಿಟ್ಟರೆ ಏನೂ ಪ್ರಯೋಜನವಿಲ್ಲ.

ಮೇನ್‌ಸ್ಪ್ರಿಂಗ್ ಹೊಸದು ಹಾಕಿದೆ. ಅದು ಕೂರುವ ಡಬ್ಬಿಯ, ಅಂದರೆ ಬ್ಯಾರೆಲ್‌ನ, ಗೋಡೆಗೆ 8217 ಗ್ರೀಸ್. ಆಟೋಮ್ಯಾಟಿಕ್ ಅಲ್ವಾ, ಪೂರ್ತಿ ಸುತ್ತಿದ ಮೇಲೆ ಸ್ಪ್ರಿಂಗ್ ಹದವಾಗಿ ಜಾರಬೇಕು. ಬ್ಯಾಲೆನ್ಸ್‌ನ ಜ್ಯುವೆಲ್‌ಗಳಿಗೆ ಮೋಬಿಯಸ್ ಕಂಪನಿಯ 9010 ಎಣ್ಣೆ, ಪ್ಯಾಲೆಟ್ ಕಲ್ಲುಗಳಿಗೆ 9415. ಕ್ಯಾಪ್ ಜ್ಯುವೆಲ್ (ಪಿವಟ್‌ನ ತುದಿ ತಾಗುವ ಮುಚ್ಚಳದ ಕಲ್ಲು) ಮೇಲಿನ ಎಣ್ಣೆಯ ಬೊಟ್ಟು ನಡುವೆ ದುಂಡಗೆ ನಿಲ್ಲಬೇಕು. ಅಂಚು ಮುಟ್ಟಿದರೆ ಎಣ್ಣೆ ಹರಿದುಹೋಗಿ ಪಿವಟ್ ಮತ್ತೆ ಒಣಗುತ್ತದೆ. ಹಾಗಾಗಿ ಎಣ್ಣೆ ಜಾಸ್ತಿಯಾದರೂ ಕೆಟ್ಟದ್ದೇ.

ಬ್ಯಾಲೆನ್ಸ್ ಕೂರಿಸಿದ ಕೂಡಲೇ ತಾನೇ ಹೊರಟಿತು. ಈಗ ಡಯಲ್ ಮೇಲ್ಮುಖವಾಗಿದ್ದಾಗ ಆಂಪ್ಲಿಟ್ಯೂಡ್ 280ರ ಹತ್ತಿರ, ಗಡಿಯಾರವನ್ನು ಲಂಬವಾಗಿ ಇಟ್ಟಾಗ 250. ನನಗೆ ತುಂಬ ಖುಷಿಯಾಗಿದೆ.

ಇನ್ನು ರೋಟರ್ (ತಿರುಗಿ ಸ್ಪ್ರಿಂಗ್ ಸುತ್ತುವ ತೂಕ) ಭಾಗ, ತಾರೀಖಿನ ಚಕ್ರ ಬಾಕಿ. ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆ ಪ್ರೆಶರ್ ಟೆಸ್ಟ್. ಪಾಸಾದರೂ ನೀರಿಗೆ ಇಳಿಸುವುದಿಲ್ಲ. ಕೇಸ್‌ಗೆ ಪಾಲಿಶ್ ಮಾಡಿಸುವುದಿಲ್ಲ, ಅಂಚುಗಳು ಕರಗಿದರೆ ಮತ್ತೆ ಬರಲ್ಲ. ಮುಳ್ಳುಗಳ ಲ್ಯೂಮ್ (ಕತ್ತಲಲ್ಲಿ ಹೊಳೆಯುವ ಬಣ್ಣ) ಹಳದಿಯಾಗಿದೆ, ಅದೂ ಹಾಗೇ ಇರುತ್ತದೆ.