ಒಬ್ಬರೇ ಗುರುಗಳು, ಎರಡು ಗಂಟೆಗಳು

ನಮ್ಮ ಊರಿನ ಕ್ಯಾಥೊಲಿಕ್ ಇಗರ್ಜಿಗೂ (ಚರ್ಚಿಗೂ) ಹೊಳೆಯಾಚೆಯ ಇಗರ್ಜಿಗೂ ಇನ್ನು ಮುಂದೆ ಒಬ್ಬರೇ ಧರ್ಮಗುರುಗಳು ಎಂಬ ಪತ್ರವನ್ನು ಬಲಿಪೂಜೆಯ (ಮಾಸ್) ಕೊನೆಯಲ್ಲಿ ಓದಿ ಒಂದು ವರ್ಷ ತುಂಬಿತು. ಉಡುಪಿ ಜಿಲ್ಲೆಯ ಒಳನಾಡಿನ ಎರಡು ಸಣ್ಣ ಧರ್ಮಕೇಂದ್ರಗಳಿವು, ಅಂದರೆ ಒಂದೊಂದು ಇಗರ್ಜಿಗೆ ಸೇರಿದ ಸಮುದಾಯಗಳು (ಪ್ಯಾರಿಷ್). ಹೆಸರು ಇಲ್ಲಿ ಬೇಡ. ಪತ್ರ ಓದಿದ ದಿನ ಸಂಜೆಯಾಗುವುದರೊಳಗೆ "ನಮ್ಮ ಇಗರ್ಜಿ ಮುಚ್ಚುತ್ತಾರಂತೆ" ಎಂಬ ಸುದ್ದಿ ವಾಟ್ಸಾಪ್‌ನಲ್ಲಿ ಹರಿದಾಡಿತ್ತು. ಪಾಲನಾ ಮಂಡಳಿಯ ಕಾರ್ಯದರ್ಶಿಯಾದ ನನಗೆ ಆ ರಾತ್ರಿ ಬಂದ ಫೋನ್ ಕರೆಗಳಲ್ಲಿ ಹೆಚ್ಚಿನವು ದುಬೈ ಮತ್ತು ಕೆನಡಾದಿಂದ ಬಂದವು. ವರ್ಷಕ್ಕೊಮ್ಮೆ ಹಬ್ಬಕ್ಕೆ ಬರುವವರಿಗೇ ಇಗರ್ಜಿಯ ಚಿಂತೆ ಹೆಚ್ಚು.

ಇಗರ್ಜಿ ಮುಚ್ಚುವುದು ಬೇರೆ, ಧರ್ಮಕೇಂದ್ರಗಳನ್ನು ಒಂದಾಗಿಸುವುದು ಬೇರೆ, ಎರಡು ಧರ್ಮಕೇಂದ್ರಗಳನ್ನು ಒಬ್ಬರಿಗೆ ವಹಿಸುವುದು ಬೇರೆ ಎಂದು ಆ ಕರೆಗಳಿಗೆಲ್ಲ ತಾಳ್ಮೆಯಿಂದ ವಿವರಿಸಬೇಕಾಯಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 526ನೇ ನಿಯಮವು, ಗುರುಗಳ ಕೊರತೆ ಇದ್ದಾಗ ಅಕ್ಕಪಕ್ಕದ ಹಲವು ಧರ್ಮಕೇಂದ್ರಗಳ ಹೊಣೆಯನ್ನು ಒಬ್ಬರಿಗೇ ಕೊಡಲು ಅವಕಾಶ ನೀಡುತ್ತದೆ. ನಮ್ಮಲ್ಲಿ ಆದದ್ದು ಇಷ್ಟೇ. ಧರ್ಮಕೇಂದ್ರವನ್ನು ಸ್ಥಾಪಿಸುವ, ರದ್ದುಪಡಿಸುವ ಅಥವಾ ಗಣನೀಯವಾಗಿ ಬದಲಿಸುವ ಅಧಿಕಾರ 515ನೇ ನಿಯಮದಂತೆ ಧರ್ಮಾಧ್ಯಕ್ಷರಿಗೆ (ಬಿಷಪ್) ಮಾತ್ರ ಇದೆ. ಅವರೂ ಗುರುಗಳ ಮಂಡಳಿಯ ಅಭಿಪ್ರಾಯ ಕೇಳದೆ ಹಾಗೆ ಮಾಡುವಂತಿಲ್ಲ. ಒಂದಾಗಿಸಿದರೂ ಹಳೆಯ ಎರಡರ ಆಸ್ತಿಯೂ ಹೊಣೆಯೂ ಹೊಸದಕ್ಕೆ ಸೇರುತ್ತವೆ, ದಾನ ಕೊಟ್ಟವರ ಇಚ್ಛೆಯನ್ನು ಮೀರುವಂತಿಲ್ಲ ಎಂದು 121ನೇ ನಿಯಮ ಹೇಳುತ್ತದೆ. ಅಜ್ಜನ ಕಾಲದಲ್ಲಿ ತೆಂಗಿನ ತೋಟ ಬರೆದುಕೊಟ್ಟ ಮನೆಯವರಿಗೆ ಈ ಕೊನೆಯ ಮಾತು ಕೇಳಿದ ಮೇಲೆಯೇ ಸಮಾಧಾನವಾದದ್ದು.

ಈ ಭಯದ ಬೇರು ನಮ್ಮ ಚರಿತ್ರೆಯಲ್ಲೇ ಇದೆ. ಈ ಕರಾವಳಿ ಧರ್ಮಕೇಂದ್ರಗಳು ಒಡೆದು ಎರಡಾಗುವುದನ್ನು ಕಂಡಿದೆಯೇ ಹೊರತು ಎರಡು ಸೇರಿ ಒಂದಾಗುವುದನ್ನು ಅಷ್ಟಾಗಿ ಕಂಡಿಲ್ಲ. ಮಂಗಳೂರಿನ 1568ರ ರೊಜಾರಿಯೊ, 1680ರ ಮಿಲಾಗ್ರಿಸ್‌ನಂತಹ ಹಳೆಯ ಇಗರ್ಜಿಗಳ ನಂತರ ಒಂದೊಂದೇ ಊರು ತನ್ನದೇ ಇಗರ್ಜಿ ಕಟ್ಟಿಕೊಂಡಿತು. 2012ರಲ್ಲಿ ಒಬ್ಬ ಧರ್ಮಾಧ್ಯಕ್ಷರ ಆಡಳಿತದಲ್ಲಿದ್ದ ಮಂಗಳೂರು ಧರ್ಮಪ್ರಾಂತ್ಯವೇ ಎರಡಾಗಿ, ಕಲ್ಯಾಣಪುರದ ಇನ್ನೊಂದು ಮಿಲಾಗ್ರಿಸ್ ಇಗರ್ಜಿ ಉಡುಪಿಯ ಪ್ರಧಾನಾಲಯ (ಕೆಥೆಡ್ರಲ್) ಆಯಿತು. ನಮ್ಮ ಎರಡು ಇಗರ್ಜಿಗಳು ಬೇರೆಯಾದದ್ದಕ್ಕೆ ಕಾರಣ ಹೊಳೆ. ಆಟಿ ತಿಂಗಳಲ್ಲಿ ದೋಣಿ ನಿಂತರೆ ಆಚೆಯವರಿಗೆ ಬಲಿಪೂಜೆಯೂ ಇಲ್ಲ, ಸಾಯುವವರಿಗೆ ಗುರುಗಳು ಎಣ್ಣೆ ಹಚ್ಚಿ ಪ್ರಾರ್ಥಿಸುವ ಅಂತ್ಯಾಭ್ಯಂಗವೂ ಇಲ್ಲ ಎಂಬ ಸ್ಥಿತಿ ಇತ್ತು. ಈಗ ಸೇತುವೆಯಿದೆ, ಸ್ಕೂಟರಿನಲ್ಲಿ ಹತ್ತು ನಿಮಿಷದ ದಾರಿ. ಮನೆಗೆ ಎಂಟು ಮಕ್ಕಳಿದ್ದ ಕಾಲದಲ್ಲಿ ಒಬ್ಬನಾದರೂ ಗುರುವಾಗಲು ಜೆಪ್ಪು ಸೆಮಿನರಿಯ ಮೆಟ್ಟಿಲು ಹತ್ತುತ್ತಿದ್ದ. ಈಗ ಮನೆಗೆ ಇಬ್ಬರು, ಆ ಇಬ್ಬರೂ ಬೆಂಗಳೂರಿನಲ್ಲಿ. ಬೇರೆಯಾಗಲು ಇದ್ದ ಕಾರಣ ಹೋಗಿದೆ ಎಂಬುದನ್ನು ನಾನು ಪ್ರಾಮಾಣಿಕವಾಗಿ ಒಪ್ಪುತ್ತೇನೆ.

ನಿಜವಾದ ವಿಲೀನ ಹೇಗಿರುತ್ತದೆ ಎಂಬುದನ್ನು ನಾನು ಕಂಡದ್ದು 2024ರಲ್ಲಿ, ಮಗಳ ಮನೆಗೆಂದು ಅಮೆರಿಕದ ಬಾಲ್ಟಿಮೋರ್‌ಗೆ ಹೋಗಿದ್ದಾಗ. ಆ ವರ್ಷದ ಮೇ ತಿಂಗಳಲ್ಲಿ ಅಲ್ಲಿನ ಮಹಾಧರ್ಮಪ್ರಾಂತ್ಯವು ನಗರ ಮತ್ತು ಆಸುಪಾಸಿನ 61 ಧರ್ಮಕೇಂದ್ರಗಳನ್ನು 23ಕ್ಕೆ ಇಳಿಸಿ, ಪೂಜೆಗೆ 30 ಇಗರ್ಜಿಗಳನ್ನು ಮಾತ್ರ ಉಳಿಸಿಕೊಳ್ಳುವ ತೀರ್ಮಾನ ಪ್ರಕಟಿಸಿತ್ತು. ಮಗಳು ಹೋಗುವ ಇಗರ್ಜಿ ಉಳಿದವುಗಳಲ್ಲಿ ಒಂದು. ಭಾನುವಾರ ಪೂಜೆ ಮುಗಿದ ಮೇಲೆ ಕೆಳಗಿನ ಸಭಾಂಗಣದಲ್ಲಿ ಕಾಫಿ ಕೊಡುತ್ತಿದ್ದರು. ಮೇಜಿನ ಮೇಲೆ ಎರಡು ದೊಡ್ಡ ಕಾಫಿ ಪಾತ್ರೆಗಳಿದ್ದವು, ಎರಡರ ಮೇಲೂ ಬೇರೆ ಬೇರೆ ಸಂತರ ಹೆಸರಿನ ಚೀಟಿ ಅಂಟಿಸಿತ್ತು. ಮುಚ್ಚಿದ ಇಗರ್ಜಿಯಿಂದ ಬಂದವರು ಒಂದರ ಸುತ್ತ, ಮೊದಲಿನಿಂದ ಇದ್ದವರು ಇನ್ನೊಂದರ ಸುತ್ತ ನಿಂತಿದ್ದರು. ಕಾಫಿ ಎರಡರಲ್ಲೂ ಅಷ್ಟೇ ನೀರಾಗಿತ್ತು ಎಂಬುದು ಬೇರೆ ಮಾತು.

ಅದೇ ದೇಶದ ಬಾಸ್ಟನ್ ಮಹಾಧರ್ಮಪ್ರಾಂತ್ಯದಲ್ಲಿ, 2004ರಲ್ಲಿ ಮುಚ್ಚಿದ ಸಿಚುಯೇಟ್ ಎಂಬ ಊರಿನ ಇಗರ್ಜಿಯನ್ನು ಜನರು ಹಗಲುರಾತ್ರಿ ಸರದಿಯಂತೆ ಕಾಯುತ್ತ 11 ವರ್ಷಕ್ಕೂ ಮೀರಿ ಬಿಟ್ಟುಕೊಡಲಿಲ್ಲ. 2016ರಲ್ಲಿ ಕಾನೂನಿನ ದಾರಿಗಳೆಲ್ಲ ಮುಗಿದ ಮೇಲೆಯೇ ಅವರು ಹೊರಬಂದದ್ದು. ಜರ್ಮನಿಯ ಟ್ರಿಯರ್‌ನಲ್ಲಿ 887 ಧರ್ಮಕೇಂದ್ರಗಳನ್ನು 35 ಮಾಡುವ ಯೋಜನೆಯನ್ನು 2019ರಲ್ಲಿ ರೋಮ್ ತಡೆಯಿತು. ಮರುವರ್ಷ ಜುಲೈನಲ್ಲಿ ವ್ಯಾಟಿಕನ್ ಹೊರಡಿಸಿದ ಸೂಚನಾಪತ್ರವು, ಗುರುಗಳ ಕೊರತೆಯಾಗಲಿ ಧರ್ಮಪ್ರಾಂತ್ಯದ ಒಟ್ಟಾರೆ ಹಣಕಾಸಿನ ಸ್ಥಿತಿಯಾಗಲಿ ಧರ್ಮಕೇಂದ್ರವನ್ನು ರದ್ದುಪಡಿಸಲು ಸಾಕಷ್ಟು ಕಾರಣವಲ್ಲ ಎಂದು ಸ್ಪಷ್ಟಪಡಿಸಿದೆ. ನಮ್ಮ ಮಂಡಳಿಯ ಸಭೆಯಲ್ಲಿ ನಾನು ಇದನ್ನು ಓದಿ ಹೇಳಿದಾಗ ಒಬ್ಬರು, "ಹಾಗಾದರೆ ನಾವು ಕ್ಷೇಮ" ಎಂದು ಎದ್ದೇಬಿಟ್ಟರು.

ಕ್ಷೇಮವೇನೋ ಸರಿ, ಆದರೆ ಕಾಗದದ ಮೇಲೆ ಬೇರೆಯಾಗಿದ್ದೂ ಒಬ್ಬರನ್ನೊಬ್ಬರು ನೋಯಿಸಬಹುದು ಎಂಬುದು ಕಳೆದ ಮೊಂತಿ ಹಬ್ಬದಲ್ಲಿ, ಅಂದರೆ ಮರಿಯಮ್ಮನ ಹುಟ್ಟುಹಬ್ಬದಲ್ಲಿ, ಗೊತ್ತಾಯಿತು. ಸೆಪ್ಟೆಂಬರ್ 8ರಂದು ಮಕ್ಕಳು ಮರಿಯಮ್ಮನಿಗೆ ಹೂ ಅರ್ಪಿಸಿದ ಮೇಲೆ ಹೊಸ ತೆನೆಯನ್ನು ಆಶೀರ್ವದಿಸಿ, ಮನೆಯ ಜನರ ಲೆಕ್ಕಕ್ಕೆ ಸರಿಯಾಗಿ ಪ್ರತಿ ಕುಟುಂಬಕ್ಕೂ ಕೊಡುವುದು ನಮ್ಮ ಕ್ರಮ. ಒಬ್ಬರೇ ಗುರುಗಳು, ಸಮಯವಿಲ್ಲ ಎಂದು ನಾವು ಅಷ್ಟೂ ತೆನೆಯನ್ನು ನಮ್ಮ ಬೆಳಗಿನ ಪೂಜೆಯಲ್ಲೇ ಆಶೀರ್ವದಿಸಿ, ಆಚೆಯವರ ಪಾಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಾರಿನಲ್ಲಿ ಕಳಿಸಿದೆವು. ಈ ಜಾಣತನದ ಸಲಹೆ ನನ್ನದೇ. ಹೊಳೆಯಾಚೆಯ ಒಬ್ಬ ಅಜ್ಜಿ ತೆನೆಯನ್ನು ಸೆರಗಿನಲ್ಲಿ ಹಿಡಿದುಕೊಂಡು ನನ್ನ ಬಳಿ ಬಂದು, "ಆಶೀರ್ವಾದ ಆಗಿದೆಯಲ್ಲ ಪುತಾ (ಮಗನೇ), ನಾವು ಕಾಣಲಿಲ್ಲ ಅಷ್ಟೆ" ಎಂದು ಕೊಂಕಣಿಯಲ್ಲಿ ಹೇಳಿದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಏನಾದರೂ ಸಮಜಾಯಿಷಿ ಕೊಡುತ್ತಿದ್ದೆ.

ಅಂದಿನಿಂದ ನನ್ನ ಅಭಿಪ್ರಾಯ ಬದಲಾಗಿದೆ. ಲೆಕ್ಕಪತ್ರ, ಧರ್ಮೋಪದೇಶದ ತರಗತಿ, ಗಾಯನ ಮಂಡಳಿಯ ಅಭ್ಯಾಸ ಇವನ್ನೆಲ್ಲ ಒಟ್ಟಿಗೆ ನಡೆಸಬಹುದು, ನಡೆಸಿದರೆ ಒಳ್ಳೆಯದೇ. ಧರ್ಮಕೇಂದ್ರದೊಳಗಿನ ಕೇರಿಗಳಾದ ವಾಡೊಗಳನ್ನು ಮಾತ್ರ ಮುಟ್ಟಬಾರದು. ಒಂದು ಮನೆಯಲ್ಲಿ ಸಾವಾದರೆ ಮೊದಲು ಬಾಗಿಲಿಗೆ ಬರುವವನು ವಾಡೊದ ಮುಖಂಡನಾದ ಗುರ್ಕಾರ; ಗಂಟೆ ಬಾರಿಸಲು ಹೇಳಿಕಳಿಸುವವನು, ಶಾಮಿಯಾನ ಹಾಕಿಸುವವನು, ಶವಪೆಟ್ಟಿಗೆಗೆ ಹೆಗಲು ಕೊಡುವ ಆರು ಜನರನ್ನು ಹುಡುಕುವವನು ಅವನೇ. ಎರಡು ಸಣ್ಣ ವಾಡೊಗಳನ್ನು ಸೇರಿಸಿ ಒಬ್ಬ ಗುರ್ಕಾರನನ್ನು ಉಳಿಸಿಕೊಂಡರೆ ಪಟ್ಟಿ ಚಿಕ್ಕದಾಗುತ್ತದೆ, ಆದರೆ ಆ ಬಾಗಿಲಿಗೆ ಬರುವವನ ದಾರಿ ಉದ್ದವಾಗುತ್ತದೆ.

ಈ ಬಾರಿಯ ಮೊಂತಿ ಹಬ್ಬಕ್ಕೆ ಎರಡೂ ಕಡೆ ತೆನೆ ಆಶೀರ್ವದಿಸುವುದು, ಮೊದಲ ಪೂಜೆ ಹೊಳೆಯಾಚೆ ಎಂದು ತೀರ್ಮಾನವಾಗಿದೆ. ಏಳು ಗಂಟೆಯ ಪೂಜೆಗೇ ಒಗ್ಗಿಹೋದ ನಮ್ಮವರಲ್ಲಿ ಕೆಲವರು ಇನ್ನೂ ಗೊಣಗುತ್ತಿದ್ದಾರೆ. ಬರುವ ಭಾನುವಾರ ಎರಡೂ ಮಂಡಳಿಗಳ ಜಂಟಿ ಸಭೆಯಿದೆ. ಸಮಾಧಿ ತೋಡುವವರಿಗೆ ಅವರು ಕೊಡುವ ಮಜೂರಿಗೂ ನಾವು ಕೊಡುವ ಮಜೂರಿಗೂ ಐನೂರು ರೂಪಾಯಿ ವ್ಯತ್ಯಾಸವಿದ್ದು, ಅದನ್ನು ಯಾರ ಲೆಕ್ಕಕ್ಕೆ ಸರಿಹೊಂದಿಸುವುದು ಎಂಬುದು ಕಾರ್ಯಸೂಚಿಯ ಮೊದಲ ವಿಷಯ.