ನೀರಲ್ಲೂ ಜಿಂಕ್ ಬಂತು

"ಮೇಷ್ಟ್ರೇ, ನಿಜ ಹೇಳಿ, ಜಿಂಕ್ ಮಾತ್ರೆ ತಗೋತಿದೀರಲ್ಲ?"

"ಕೋವಿಡ್ ಟೈಮಲ್ಲಿ ತಗೊಂಡಿದ್ದೆ ಸಾರ್, ಈಗಿಲ್ಲ."

ಲ್ಯಾಬಿನ ಫೋನಿಟ್ಟವನೇ ಪಿಜಿ ಮೇಡಂ ಕಡೆ ತಿರುಗಿ "ಸುಳ್ಳು ಹೇಳ್ತಿದಾರೆ" ಅಂದೆ. ಎಷ್ಟು ಧೈರ್ಯವಾಗಿ ಅಂದೆ ಅಂತ ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತೆ.

ಮೇಡಂ ಥೀಸಿಸ್ ಸ್ಲೀಪ್ ಆಪ್ನಿಯಾ ಮೇಲೆ. ನಿದ್ದೆಯಲ್ಲಿ ಉಸಿರು ಕಟ್ಟಿದಾಗೆಲ್ಲ ರಕ್ತದ ಆಕ್ಸಿಜನ್ ಸ್ಯಾಚುರೇಶನ್ ಬೀಳುತ್ತೆ, ಮತ್ತೆ ಏರುತ್ತೆ. ರಾತ್ರಿಯಿಡೀ ಇದೇ ಏರಿಳಿತ ನಡೆದು, ಜೀವಕೋಶಕ್ಕೆ ಹಾನಿ ಮಾಡೋ ಫ್ರೀ ರ್‍ಯಾಡಿಕಲ್ಸ್ ಹೆಚ್ಚುತ್ತವೆ. ಅವನ್ನು ಅಡಗಿಸೋ ಎಸ್‌ಓಡಿ ಕಿಣ್ವಕ್ಕೆ ತಾಮ್ರ, ಜಿಂಕ್ ಬೇಕು. ಗ್ಲುಟಾಥಯೋನ್ ಪೆರಾಕ್ಸಿಡೇಸ್‌ಗೆ ಸೆಲೆನಿಯಂ. ಇಂಥ ರೋಗಿಗಳಲ್ಲಿ ಜಿಂಕ್ ಕಡಿಮೆ ಇರಬಹುದು ಅನ್ನೋದು ಮೇಡಂ ಊಹೆ. ಮೇಷ್ಟ್ರ ಎಎಚ್‌ಐ (ಗಂಟೆಗೆ ಎಷ್ಟು ಸಲ ಉಸಿರು ಕಟ್ಟುತ್ತೆ ಇಲ್ಲವೇ ಕುಗ್ಗುತ್ತೆ ಅನ್ನೋ ಲೆಕ್ಕ) 42, ಅಂದರೆ ಸಿವಿಯರ್. ರಾತ್ರಿಯ ನಿದ್ದೆ ಪರೀಕ್ಷೆ ಪಿಎಸ್‌ಜಿ ಮುಗಿದ ಬೆಳಿಗ್ಗೆ ಆರಕ್ಕೆ ಖಾಲಿ ಹೊಟ್ಟೆಯಲ್ಲಿ ತೆಗೆದ ಸ್ಯಾಂಪಲ್. ಜಿಂಕ್ 158. ನಮ್ಮ ರೇಂಜ್ 70ರಿಂದ 120.

ಕ್ಯೂಸಿ (ಯಂತ್ರ ಸರಿ ಅಳೀತಿದೆಯಾ ಅಂತ ನೋಡೋಕೆ ಓಡಿಸೋ, ಮೌಲ್ಯ ಮೊದಲೇ ಗೊತ್ತಿರೋ ಸ್ಯಾಂಪಲ್) ಎರಡೂ ಲೆವೆಲ್ ಪಾಸ್. ಜಿಂಕ್ ಅಳೆಯೋ ಎಎಎಸ್ ಯಂತ್ರದ ಲ್ಯಾಂಪ್ ಸರಿ ಇತ್ತು, ಅಳತೆಯ ಕರ್ವ್ ಸ್ಕೇಲಿಟ್ಟು ಎಳೆದ ಹಾಗಿತ್ತು, ಹೀಮೋಲೈಸಿಸ್ (ರಕ್ತಕಣ ಒಡೆಯೋದು) ಇಲ್ಲ. ಯಂತ್ರ ಸರಿ ಇದ್ದ ಮೇಲೆ ತಪ್ಪು ರೋಗಿಯದ್ದೇ ಅಂತ ಲೆಕ್ಕ ಹಾಕಿದೆ. ಅದೇ ವಾರ ಇನ್ನೂ ಐದು ಜನರದ್ದು ಹೀಗೇ ಬಂತು.

ಎಚ್‌ಓಡಿ ರಿಪೋರ್ಟ್ ನೋಡಿ ಕನ್ನಡಕ ತೆಗೆದರು. "ಆರು ಜನಾನೂ ಸುಳ್ಳು ಹೇಳ್ತಾರೇನಪ್ಪಾ?"

ನನ್ನ ಕಣ್ಣು ರ್‍ಯಾಕಿನ ಮೇಲೆ ಹೋಯಿತು. ಎಲ್ಲಾ ಕೆಂಪು ಮುಚ್ಚಳ. ಟ್ರೇಸ್ ಎಲಿಮೆಂಟಿನ (ಜಿಂಕ್‌ನಂಥ, ರಕ್ತದಲ್ಲಿ ಅತ್ಯಲ್ಪ ಇರೋ ಧಾತುಗಳ) ನೀಲಿ ಟ್ಯೂಬ್ ಮುಗಿದು ಮೂರು ವಾರ ಆಗಿತ್ತು. ಇಂಡೆಂಟ್ ಹಾಕಿದ್ದೆ, "ಟ್ಯೂಬ್ ಟ್ಯೂಬೇ ಅಲ್ವೇನ್ರೀ" ಅಂತ ಸ್ಟೋರಿನವರು ವಾಪಸ್ ಕಳಿಸಿದ್ದರು. ಮಾಮೂಲಿ ಟ್ಯೂಬಿನ ರಬ್ಬರ್ ಮುಚ್ಚಳ ಜಿಂಕ್ ಬಿಡುತ್ತೆ ಅನ್ನೋದು ಸ್ಟೋರಿನವರಿಗೆ ಗೊತ್ತಿಲ್ಲದಿರಬಹುದು, ನನಗೆ ಗೊತ್ತಿತ್ತು. ಒಂದೆರಡು ವಾರ ತಾನೆ, ಎಷ್ಟು ಬಿಟ್ಟೀತು ಅಂತ ಅಡ್ಜಸ್ಟ್ ಮಾಡಿಕೊಂಡಿದ್ದೆ.

ಡ್ರಾಯರಿನ ಮೂಲೆಯಲ್ಲಿ ಒಂದೇ ಒಂದು ನೀಲಿ ಟ್ಯೂಬ್ ಉಳಿದಿತ್ತು. ಅದಕ್ಕೂ ಮೂರು ಕೆಂಪು ಟ್ಯೂಬಿಗೂ ಡಿಐ ವಾಟರ್ (ಅಯಾನು ತೆಗೆದ ಶುದ್ಧ ನೀರು) ತುಂಬಿ, ನೀರು ಮುಚ್ಚಳಕ್ಕೆ ತಾಗೋ ಹಾಗೆ ಅಡ್ಡ ಮಲಗಿಸಿದೆ. ಒಂದು ಗಂಟೆ. ಎಚ್‌ಓಡಿ ಹೋಗಲೇ ಇಲ್ಲ, ಸ್ಟೂಲ್ ಎಳೆದು ಕೂತರು. ಮೇಡಂ ಫೋನ್ ನೋಡ್ತಿದ್ದರು, ಸ್ಕ್ರೀನ್ ಆಫ್ ಆಗಿತ್ತು. ಕೆಂಪೂ ಸೊನ್ನೆ ಬರಲಿ ಅಂತ ನಾನು ದೇವರಿಗೆ ಹರಕೆ ಹೊತ್ತಿದ್ದೂ ನಿಜ. ಬಂದಿದ್ದರೆ ಮೇಷ್ಟ್ರು ಸುಳ್ಳುಗಾರರಾಗಿಯೇ ಉಳೀತಿದ್ದರು.

ನೀಲಿ ಹೆಚ್ಚುಕಡಿಮೆ ಸೊನ್ನೆ. ಕೆಂಪು 44, 52, 61.

"ನೀರಿಗೆ ಮಾತ್ರೆ ಯಾರು ಕೊಟ್ಟರು?" ಅಂದರು ಎಚ್‌ಓಡಿ. ಯಾರೂ ನಗಲಿಲ್ಲ. ಕ್ಯೂಸಿ ಯಾಕೆ ಹೇಳಲಿಲ್ಲ ಅಂದರೆ, ಅದು ತನ್ನ ಬಾಟಲಿಯಿಂದ ಯಂತ್ರಕ್ಕೆ ಹೋಗೋದು, ನಮ್ಮ ಟ್ಯೂಬಿನ ಮುಖಾನೇ ನೋಡಿರಲ್ಲ. ಈಗ ಟ್ಯೂಬಿನ ಪ್ರತಿ ಲಾಟಿಗೂ ಟ್ಯೂಬ್ ಬ್ಲ್ಯಾಂಕ್ (ಇದೇ ನೀರಿನ ಪರೀಕ್ಷೆ) ಓಡಿಸ್ತೀನಿ, ಯಾರೂ ಕೇಳದಿದ್ದರೂ.

ಮತ್ತೆ ರಕ್ತ ತೆಗೆಯೋಣ ಅಂದರೆ ಮೇಷ್ಟ್ರಿಗೆ ಆಗಲೇ ಸಿಪ್ಯಾಪ್ (ಮಲಗುವಾಗ ಮಾಸ್ಕಿನಿಂದ ಗಾಳಿಯ ಒತ್ತಡ ಕೊಡೋ ಚಿಕಿತ್ಸೆ) ಶುರುವಾಗಿತ್ತು. ಚಿಕಿತ್ಸೆಗೆ ಮುಂಚಿನ ರಕ್ತ ಎಲ್ಲಿಂದ ತರೋದು? ಆರರಲ್ಲಿ ನಾಲ್ವರು ಥೀಸಿಸ್‌ನಿಂದ ಹೊರಗೆ. ಮೇಡಂ ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

ಮೇಷ್ಟ್ರಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. "ಹೋಗ್ಲಿ ಬಿಡಿ ಸಾರ್," ಅಂದರು. "ಹೊಟ್ಟೆನೋವು ಅಂದ ಹುಡುಗರನ್ನೆಲ್ಲ ಮೂವತ್ತು ವರ್ಷ ನಾನೂ ಸುಳ್ಳ ಅಂದವನೇ."

ನೀಲಿ ಟ್ಯೂಬ್ ಮರುತಿಂಗಳು ಬಂತು. ಇಂಡೆಂಟ್ ಮೇಲೆ ಸ್ಟೋರಿನವರ ಷರಾ: "ಕೆಂಪು ಸ್ಟಾಕ್ ಮುಗಿದ ನಂತರ ಬಳಸತಕ್ಕದ್ದು."