‘ಮುತ್ತಿನ ಹಾರ’ ಮತ್ತು ದೊಡ್ಡಮ್ಮನ 99 ಎಪಿಒ

ಕಳೆದ ವರ್ಷ ಆಟಿ ತಿಂಗಳ ಹದಿನೆಂಟಕ್ಕೆ, ಅಂದ್ರೆ ಆಗಸ್ಟ್ 3ಕ್ಕೆ, ಸೋಮವಾರಪೇಟೆ ಕಡೆಯ ದೊಡ್ಡಪ್ಪನ ಮನೆಯಲ್ಲಿದ್ದೆ. ಕೊಡಗಿನಲ್ಲಿ ಅದು ಮದ್ದುಸೊಪ್ಪಿನ ಪಾಯಸದ ದಿನ. ಸೊಪ್ಪು ಕುದಿಸಿದ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಗೊತ್ತಿಲ್ಲದೆ ಎರಡು ಬಟ್ಟಲು ಜಾಸ್ತಿ ತಿಂದವರು ಮಾರನೇ ದಿನ ಬಚ್ಚಲಿಗೆ ಹೋಗಿ ಗಾಬರಿಯಾಗುತ್ತಾರೆ. ಅದಿರಲಿ.

ಮಳೆ ಹಿಡಿದರೆ ಬಿಡದ ದಿನಗಳು. ಬೆಳಿಗ್ಗೆಯಿಂದ ಕರೆಂಟಿಲ್ಲ, ಇನ್ವರ್ಟರ್ ಮೇಲೆ ಟಿವಿ ಓಡುತ್ತಿತ್ತು. ‘ಮುತ್ತಿನ ಹಾರ’ ಬಂತು. ದೊಡ್ಡಪ್ಪ ಕಂಬಳಿ ಹೊದ್ದು ಹತ್ತಿರ ಎಳೆದುಕೊಂಡು ಕೂತರು. ದೊಡ್ಡಮ್ಮ ಅಡುಗೆಮನೆ ಬಾಗಿಲಲ್ಲೇ ನಿಂತರು.

ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರ 1990ರ ಸಿನಿಮಾ. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂದಿತ್ತು. ವಿಷ್ಣುವರ್ಧನ್ ಕೊಡಗಿನ ಸೈನಿಕ ಅಚ್ಚಪ್ಪ, ಸುಹಾಸಿನಿ ಅವನನ್ನು ಕಟ್ಟಿಕೊಳ್ಳುವ ನರ್ಸ್ ಅನ್ನಪೂರ್ಣ. ಎರಡನೇ ಮಹಾಯುದ್ಧದ ಕಾಲದಿಂದ ಕತೆ ಶುರುವಾಗುತ್ತದೆ. ನಮ್ಮ ಕಡೆ ಇದನ್ನು ಸಿನಿಮಾ ಅನ್ನುವುದಕ್ಕಿಂತ ಮನೆಯ ಆಲ್ಬಂ ಅನ್ನಬಹುದು. ಜನರಲ್ ಕಾರ್ಯಪ್ಪ ಹುಟ್ಟಿದ ಶನಿವಾರಸಂತೆ ನಮಗೆ ಹತ್ತಿರವೇ. ದೊಡ್ಡಪ್ಪನ ಮನೆ ಗೋಡೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ಅವರದ್ದೂ ಒಂದು ಫೋಟೋ ಇದೆ. ಊದಿನಕಡ್ಡಿ ಹೊಗೆ ಅವರಿಗೂ ಸಿಗುತ್ತದೆ.

ದೊಡ್ಡಪ್ಪ 1968ರಲ್ಲಿ ಬೆಂಗಳೂರಿಗೆ ಹೋಗಿ ಸೇನೆಯ ಇಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್ ಸೇರಿದವರು. ಹವಾಲ್ದಾರ್ ಆಗಿ 1992ಕ್ಕೆ ವಾಪಸ್. ಬಂದೂಕಿಗಿಂತ ಸೇತುವೆಯ ಕಬ್ಬಿಣ ಹೊತ್ತದ್ದೇ ಜಾಸ್ತಿ ಅನ್ನುತ್ತಾರೆ. 71ರ ಯುದ್ಧದಲ್ಲಿ ಏನಾಯ್ತು ಅಂತ ಚಿಕ್ಕಂದಿನಿಂದ ಕೇಳುತ್ತಲೇ ಇದ್ದೇನೆ. ಇವತ್ತಿನವರೆಗೆ ಸಿಕ್ಕಿದ ಉತ್ತರ ಒಂದೇ: “ನೀರು ತಣ್ಣಗಿತ್ತು.”

ಅಂಥ ಮನುಷ್ಯ ಅವತ್ತು ಸಿನಿಮಾ ನೋಡುತ್ತಾ ಬಾಯಿ ಮುಚ್ಚಲಿಲ್ಲ. ಹಿಂದೆ ನಿಂತ ಯಾವನೋ ಸಿಪಾಯಿಯ ಕೂದಲು ಕಿವಿ ಮೇಲೆ ಬಂದಿದೆಯಂತೆ. “ನಮ್ಮ ಸುಬೇದಾರ್ ಸಾಹೇಬ್ರಾಗಿದ್ರೆ ಒಂದು ವಾರ ಪಿಟ್ಟೂ ಪರೇಡು!” ಬೆನ್ನಿಗೆ ಭಾರದ ಚೀಲ ಕಟ್ಟಿ ಮೈದಾನ ಸುತ್ತಿಸುವುದು. ಯುದ್ಧದ ಭಾಗ ಬಂದಾಗ ಅವರಿಗೆ ಆಸಕ್ತಿಯೇ ಹೋಯ್ತು. ನನಗೂ ಈಗ ನೋಡಿದರೆ ಆ ಹೊಗೆ, ಆ ಸ್ಫೋಟ ಸ್ವಲ್ಪ ಹಳತಾಗಿವೆ ಅನಿಸುತ್ತದೆ. ಆದರೆ ಗಂಡ ಹೆಂಡತಿ ಇಬ್ಬರೇ ಇರುವ ದೃಶ್ಯಗಳು ಒಂಚೂರೂ ಮಾಸಿಲ್ಲ. ‘ದೇವರು ಹೊಸೆದ ಪ್ರೇಮದ ದಾರ’ ಶುರುವಾಯಿತು. ಹಂಸಲೇಖ ಅವರ ಹಾಡು, ಬಾಲಮುರಳಿಕೃಷ್ಣ ಅವರ ದನಿ. ಹೊರಗೆ ತಗಡಿನ ಮೇಲೆ ಮಳೆ. ದೊಡ್ಡಪ್ಪ ಕೂಡ ಸುಮ್ಮನಾದರು.

ಆಗ ಬಾಗಿಲಿಂದ ದೊಡ್ಡಮ್ಮ, “ಪುಣ್ಯವಂತೆ ಇವಳು” ಅಂದರು. “ನರ್ಸು. ಅವನಿಗೆ ಗುಂಡು ಬಿದ್ದರೂ ಇವಳ ಕಣ್ಣೆದುರೇ ಬೀಳುತ್ತೆ.”

ನನಗೆ ತಕ್ಷಣ ಏನು ಹೇಳಬೇಕೋ ತಿಳಿಯಲಿಲ್ಲ. ಕಣ್ಣೆದುರು ಗುಂಡು ಬೀಳುವುದನ್ನು ಪುಣ್ಯ ಅಂತ ಲೆಕ್ಕ ಹಾಕಬೇಕಾದರೆ ಎಷ್ಟು ದಿನ ಕಾದಿರಬೇಕು? ಅವರೇ ಲೆಕ್ಕ ಕೊಟ್ಟರು. ಮದುವೆ 1974ರಲ್ಲಿ. ವರ್ಷಕ್ಕೆ ಎರಡು ತಿಂಗಳು ರಜೆ. ಹದಿನೆಂಟು ವರ್ಷದ ಸಂಸಾರದಲ್ಲಿ ಗಂಡ ಮನೆಯಲ್ಲಿದ್ದದ್ದು ಒಟ್ಟು ಮೂರು ವರ್ಷ. ಒಮ್ಮೆ ಕ್ವಾರ್ಟರ್ಸ್ ಸಿಕ್ಕಿತ್ತು, ಅಷ್ಟರಲ್ಲಿ ಅತ್ತೆಗೆ ಲಕ್ವ ಹೊಡೆಯಿತು.

ಮಾತು ಮುಗಿಸಿ ಒಳಗೆ ಹೋದವರು ಒಂದು ಕಟ್ಟು ಕಾಗದ ತಂದರು. ಮೂಲೆಯಲ್ಲಿ ಬಿಳಿ ಬಣ್ಣದಲ್ಲಿ ನಂಬರು ಬರೆದ ಕಪ್ಪು ಟ್ರಂಕು ಇದೆಯಲ್ಲ, ಅದರೊಳಗಿದ್ದದ್ದು. ಎಲ್ಲಾ ನೀಲಿ ಇನ್‌ಲ್ಯಾಂಡ್ ಲೆಟರ್. ಕಳಿಸಿದವರ ಜಾಗದಲ್ಲಿ ಊರಿನ ಹೆಸರೇ ಇಲ್ಲ. ಯೂನಿಟ್ಟು, ಅದರ ಕೆಳಗೆ ‘ಕೇರಾಫ್ 56 ಎಪಿಒ’, ಇಲ್ಲ ‘99 ಎಪಿಒ’. ಎಪಿಒ ಅಂದ್ರೆ ಸೇನೆಯ ಅಂಚೆ ಕಚೇರಿ. 99 ಅಂದ್ರೆ ಪೂರ್ವದ ಕಡೆ ಅಂತ ದೊಡ್ಡಮ್ಮನಿಗೆ ಹೇಳಿಕೊಟ್ಟದ್ದು ಪೋಸ್ಟ್‌ಮ್ಯಾನ್. ಗಂಡ ಎಲ್ಲಿದ್ದಾನೆ ಅನ್ನುವುದಕ್ಕೆ ಅವರ ಹತ್ತಿರ ಇದ್ದದ್ದು ಆ ಎರಡಂಕಿ ಮಾತ್ರ. ಕಾಗದದ ಒಳಗೆ ಅದೂ ಇಲ್ಲ. ಒಂದು ಬಿಡಿಸಿದೆ. “ನಾನು ಕ್ಷೇಮ. ಇಲ್ಲಿ ಚಳಿ. ಕಾಫಿ ಕೊಯ್ಲು ಮುಗಿಯಿತೇ? ಅಮ್ಮನನ್ನು ನೋಡಿಕೋ.” ಇನ್ನೊಂದು ಬಿಡಿಸಿದೆ. ಚಳಿಯ ಬದಲು ಮಳೆ.

“ನೋಡು, ಆ ಅಚ್ಚಪ್ಪ ಹೆಂಡ್ತಿ ಹತ್ರ ಎಷ್ಟು ಮಾತಾಡ್ತಾನೆ” ಅಂದರು ದೊಡ್ಡಮ್ಮ.

“ಸೆನ್ಸಾರ್ ಇತ್ತು ಕಣೇ” ಅಂದರು ದೊಡ್ಡಪ್ಪ, ಟಿವಿಯಿಂದ ಕಣ್ಣು ತೆಗೆಯದೆ.

“ಇದಕ್ಕೂ ಸೆನ್ಸಾರಾ?”

ದೊಡ್ಡಪ್ಪ ಕಂಬಳಿ ಸರಿಮಾಡಿಕೊಂಡರು.

ನಾನು ಇದನ್ನು ಮೊದಲು ನೋಡಿದ್ದು 1991ರಲ್ಲಿ, ಪೇಟೆಯ ಟಾಕೀಸಿನಲ್ಲಿ, ದೊಡ್ಡಮ್ಮನ ಜೊತೆ. ನನಗೆ ಒಂಬತ್ತು ವರ್ಷ. ದೊಡ್ಡಪ್ಪ ಆಗ 99ರಲ್ಲಿದ್ದರು. ಇಂಟರ್‌ವಲ್ ಆಗಿ ಸ್ವಲ್ಪ ಹೊತ್ತಿಗೆ ದೊಡ್ಡಮ್ಮ ನನ್ನ ರಟ್ಟೆ ಹಿಡಿದು ಎಬ್ಬಿಸಿ, “ಕೊನೇ ಬಸ್ಸು ಹೋಗುತ್ತೆ” ಅಂತ ಹೊರಗೆ ಎಳೆದುಕೊಂಡು ಬಂದಿದ್ದರು. ನಾನು ಬಸ್‌ಸ್ಟ್ಯಾಂಡಿನವರೆಗೂ ಅತ್ತಿದ್ದೆ. ಅದು ಮ್ಯಾಟಿನಿ. ಕೊನೇ ಬಸ್ಸಿಗೆ ಇನ್ನೂ ಮೂರು ಗಂಟೆ ಟೈಮಿತ್ತು ಅಂತ ಲೆಕ್ಕ ಹಾಕುವಷ್ಟು ಬುದ್ಧಿ ಬಂದದ್ದು ತುಂಬಾ ವರ್ಷದ ಮೇಲೆ.

ಅವತ್ತೂ ಸಿನಿಮಾ ಮುಗಿಯಲಿಲ್ಲ. ಇನ್ವರ್ಟರ್ ಕುಂಯ್ ಕುಂಯ್ ಅಂತ ಕೂಗಿ ಸತ್ತುಹೋಯಿತು. ಮನೆ ಕತ್ತಲಾಯಿತು.

“ಥೂ, ಒಳ್ಳೆ ಟೈಮಲ್ಲಿ” ಅಂದರು ದೊಡ್ಡಪ್ಪ. ಅವರು ಈ ಸಿನಿಮಾ ನೋಡಿರಲೇ ಇಲ್ಲ. “ಕೊನೆಗೆ ಏನಾಗುತ್ತೆ?”

ನನಗೆ ಗೊತ್ತಿತ್ತು. ಆಮೇಲೆ ಒಬ್ಬನೇ ಎರಡು ಸಲ ನೋಡಿದ್ದೇನೆ. ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮ ಬೆಂಕಿಕಡ್ಡಿ ಗೀರಿದರು.

“ಏನಾಗುತ್ತೆ? ರಿಟೈರಾಗಿ ಮನೆಗೆ ಬರ್ತಾನೆ” ಅಂದು ದೀಪ ಹಚ್ಚಿ, ಕಾಗದದ ಕಟ್ಟಿಗೆ ದಾರ ಸುತ್ತತೊಡಗಿದರು. “ಏಳಿ, ಪಾಯಸ ಆರಿಹೋಗುತ್ತೆ.”